ಸಾಕು ಎನ್ನದ ಮೂಳೆಗಳು

ಆ ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನನ್ನ ತಂಗಿಯನ್ನು ಆಟೋದಲ್ಲಿ ಹಾಕಿಕೊಂಡು ಬಂದರು. ನಾನು ತರೀಕೆರೆಯ ಒಂದು ನರ್ಸಿಂಗ್ ಹೋಮಿನಲ್ಲಿ ಎಕ್ಸ್‌ರೇ ತೆಗೆಯುವವನು. ಬಾಗಿಲಲ್ಲಿ ಗದ್ದಲ ಕೇಳಿ ಹೊರಗೆ ಬಂದರೆ ಸೀರೆಯೆಲ್ಲ ಕೆಸರು ಮಾಡಿಕೊಂಡು, ಮೊಣಕೈ ತರಚಿಕೊಂಡು ಅವಳು ನಿಂತಿದ್ದಾಳೆ. ನಿಂತಿದ್ದಾಳೆ ಎನ್ನುವುದನ್ನೇ ನನಗೆ ನಂಬಲಾಗಲಿಲ್ಲ. ಏಕೆಂದರೆ ಆಟೋದವನು ಹೇಳುತ್ತಿದ್ದ ಕಥೆಯೇ ಬೇರೆ ಇತ್ತು.

"ಮೋರಿ ಮೇಲಿಂದ ಕೆಳಕ್ಕೆ ಬಿದ್ದವ್ರೆ ಕಣ್ರೀ. ಎರಡಾಳುದ್ದ ಐತೆ ಅದು, ಕೆಳಗೆ ಬರೀ ಕಲ್ಲು. ಟ್ರ್ಯಾಕ್ಟ್ರು ಹಿಂದ್ಗಡೆ ಟ್ರೇಲರ್ ತಗುಲ್ತು. ಗಾಡಿ ಹ್ಯಾಂಡ್ಲು ಮುರ್ದು ಎರಡಾಗೋಗೈತೆ. ಇವ್ರು ಎದ್ದು ನಿಂತ್ಕಂಡಿದ್ದು ನೋಡಿ ನಮಗೇ ಭಯ ಆಗೋಯ್ತು."

ತಂಗಿ ಅಜ್ಜಂಪುರದ ಬಸ್ ಸ್ಟ್ಯಾಂಡ್ ಹತ್ತಿರ ರವಿಕೆ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದಳು. ಲೈನಿಂಗ್ ಬಟ್ಟೆ ತರಲು ಮೊಪೆಡ್ಡಿನಲ್ಲಿ ತರೀಕೆರೆಗೆ ಬರುತ್ತಿದ್ದವಳು ಹೀಗೆ ಮಾಡಿಕೊಂಡಿದ್ದಳು. ಎಡಗಿವಿ ಅವಳಿಗೆ ಪೂರ್ತಿ ಕೇಳುವುದಿಲ್ಲ, ಬಲಗಿವಿ ಅರ್ಧ ಕೇಳುತ್ತದೆ. ಹಿಂದೆ ಬಂದ ಟ್ರ್ಯಾಕ್ಟರಿನ ಸದ್ದು ಅವಳಿಗೆ ತಿಳಿದೇ ಇರಲಿಲ್ಲ.

"ಏನೂ ಆಗಿಲ್ಲ ಕಣಣ್ಣ, ಸುಮ್ನೆ ಎಳ್ಕಂಬಂದ್ಬಿಟ್ರು" ಎಂದಳು. "ಗಾಡಿ ಹೋಯ್ತಲ್ಲ, ಅದೇ ಬೇಜಾರು."

ಅಂಥ ಏಟು ಬಿದ್ದವರು ಕೆಲವು ಸಲ ಹಾಗೇ ಮಾತಾಡುತ್ತಾರೆ. ನೋವು ಆಮೇಲೆ ಬರುತ್ತದೆ. ಸೊಂಟವೋ ಭುಜವೋ ಹೋಗಿಯೇ ಹೋಗಿರುತ್ತದೆ ಎಂದುಕೊಂಡು ನಾನೇ ಅವಳನ್ನು ಟೇಬಲ್ಲಿನ ಮೇಲೆ ಮಲಗಿಸಿದೆ. ಇಷ್ಟು ವರ್ಷ ಸಾವಿರಾರು ಜನರ ಮೂಳೆ ನೋಡಿದವನು ನಾನು. ಒಡಹುಟ್ಟಿದವಳ ಮೂಳೆ ನೋಡಿದ್ದು ಅದೇ ಮೊದಲು.

ಸೊಂಟದ ಎಕ್ಸ್‌ರೇ ಕಂಪ್ಯೂಟರಿನ ಪರದೆಯ ಮೇಲೆ ಬಂತು. ನಾನು ಮೆಷೀನ್ ಕೆಟ್ಟಿದೆ ಎಂದುಕೊಂಡೆ.

ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಎಕ್ಸ್‌ರೇಯಲ್ಲಿ ಮೂಳೆ ಬೆಳ್ಳಗೆ ಕಾಣುತ್ತದೆ ನಿಜ, ಆದರೆ ಪೂರ್ತಿ ಬೆಳ್ಳಗಲ್ಲ. ತೊಡೆಯ ಮೂಳೆಯನ್ನೇ ತೆಗೆದುಕೊಂಡರೆ ಎರಡು ಅಂಚು ಬೆಳ್ಳಗಿದ್ದು, ನಡುವೆ ಕೊಳವೆಯ ಹಾಗೆ ಬೂದು ಬಣ್ಣದ ಜಾಗ ಇರುತ್ತದೆ. ಮಜ್ಜೆ ಇರುವುದು ಅಲ್ಲಿ. ನನ್ನ ತಂಗಿಯ ತೊಡೆಮೂಳೆಯ ಅಂಚುಗಳು ಎಷ್ಟು ದಪ್ಪಗಿದ್ದವೆಂದರೆ ನಡುವಿನ ಕೊಳವೆ ದಾರದಷ್ಟು ಸಣ್ಣದಾಗಿತ್ತು. ಸೊಂಟದ ಮೂಳೆಯಂತೂ ಸುಣ್ಣದ ಗಾರೆಯಲ್ಲಿ ಎರಕ ಹೊಯ್ದ ಹಾಗೆ ಕಾಣುತ್ತಿತ್ತು.

ಕಿರಣದ ಪ್ರಮಾಣ ಬದಲಾಯಿಸಿ ಇನ್ನೊಮ್ಮೆ ತೆಗೆದೆ. ಅದೇ ಬಿಳಿ. ಭುಜ ತೆಗೆದೆ, ಅದೂ ಹಾಗೇ. ಮಾಡಬಾರದೆಂದು ಗೊತ್ತಿದ್ದೂ ನನ್ನ ಕೈಯನ್ನೇ ಪ್ಲೇಟಿನ ಮೇಲಿಟ್ಟು ಒಂದು ತೆಗೆದೆ. ನನ್ನ ಕೈ ಎಲ್ಲರ ಕೈಯ ಹಾಗೇ ಬಂತು. ಮೆಷೀನ್ ಸರಿಯಾಗಿತ್ತು. ಒಳಗೆ ಟೇಬಲ್ಲಿನ ಮೇಲೆ ಮಲಗಿದ್ದವಳು, "ಇನ್ನೆಷ್ಟು ತೆಗೀತೀಯೋ? ಫೋಟೋ ಸ್ಟುಡಿಯೋನಾ ಇದು?" ಎಂದು ನಗುತ್ತಿದ್ದಳು.

ನಮ್ಮಲ್ಲಿಗೆ ಮೂಳೆ ಡಾಕ್ಟರು ಶಿವಮೊಗ್ಗದಿಂದ ವಾರಕ್ಕೆ ಮೂರು ದಿನ ಬರುತ್ತಾರೆ. ಅವತ್ತು ಅವರು ಬರುವ ದಿನವೇ ಆಗಿತ್ತು. ನಾನು ಪರದೆ ತೋರಿಸಿ, "ಮುರಿದಿಲ್ಲ ಸಾರ್, ಆದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು.

"ಯಾರದಪ್ಪಾ ಇದು?"

"ನನ್ನ ತಂಗೀದು ಸಾರ್."

ಪರದೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. "ತಲೇದೊಂದು ತೆಗಿ" ಎಂದರು.

ತಲೆಯದನ್ನೂ ತೆಗೆದು ತೋರಿಸಿದೆ. ತಲೆಬುರುಡೆಯ ಗೋಡೆ ಬೆರಳಿನಷ್ಟಲ್ಲ, ಎರಡು ಬೆರಳು ಸೇರಿಸಿದಷ್ಟು ದಪ್ಪ ಇತ್ತು. ಕೆಳದವಡೆ ಒಂದೇ ಬಿಳಿ ಗಟ್ಟಿ. ಡಾಕ್ಟರು ತಂಗಿಯನ್ನು ಎದುರಿಗೆ ಕೂರಿಸಿಕೊಂಡು ಅವಳಿಗೆ ತುಟಿ ಕಾಣುವ ಹಾಗೆ ನಿಧಾನವಾಗಿ ಕೇಳಿದರು.

"ತಲೆನೋವು ಬರುತ್ತೇನಮ್ಮ?"

"ಇಲ್ಲ ಸಾರ್."

ಅವರು ಬಿಡಲಿಲ್ಲ. "ಬೆಳಿಗ್ಗೆ ಎದ್ದ ತಕ್ಷಣ?"

ಅವಳು ನನ್ನ ಮುಖ ನೋಡಿದಳು. ಆಮೇಲೆ ತಲೆ ತಗ್ಗಿಸಿ, "ಬತ್ತದೆ ಸಾರ್. ಬೆಳಿಗ್ಗೆ ಹೊತ್ತು ತಲೆ ಸಿಡ್ದೋಗೋ ಹಂಗೆ ಬತ್ತದೆ. ವಾಂತಿ ಆದ್ಮೇಲೆ ಸ್ವಲ್ಪ ಕಮ್ಮಿ ಆಗ್ತದೆ" ಎಂದಳು.

"ಎಷ್ಟು ದಿನದಿಂದ?"

"ಎರಡು ವರ್ಷ ಆಯ್ತು."

ಎರಡು ವರ್ಷ. ಹದಿನೈದು ದಿನಕ್ಕೊಮ್ಮೆ ನಾನು ಅಜ್ಜಂಪುರಕ್ಕೆ ಹೋಗಿ ಅವಳ ಕೈಯ ರೊಟ್ಟಿ ತಿಂದು ಬರುತ್ತಿದ್ದೆ. ಒಂದು ದಿನವೂ ಅವಳು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಅವಳನ್ನು ನರ್ಸಮ್ಮನ ಜೊತೆ ಗಾಯ ತೊಳೆಸಲು ಕಳಿಸಿ ಡಾಕ್ಟರು ಬಾಗಿಲು ಹಾಕಿದರು. ಅವಳ ಕಥೆಯನ್ನೆಲ್ಲ ಹುಟ್ಟಿದಾಗಿನಿಂದ ಹೇಳು ಎಂದರು. ನಾನು ಹೇಳಿದೆ. ಹುಟ್ಟುವಾಗಲೇ ಬಲಗೈಯ ತೋರುಬೆರಳೂ ನಡುಬೆರಳೂ ಚರ್ಮದಲ್ಲಿ ಕೂಡಿಕೊಂಡಿದ್ದವು, ಮೂರು ವರ್ಷಕ್ಕೆ ಆಪರೇಷನ್ ಮಾಡಿಸಿ ಬಿಡಿಸಿದ್ದೆವು. ನಾಲ್ಕನೇ ವರ್ಷಕ್ಕೆ ಮುಖ ಎಡಕ್ಕೆ ಸೊಟ್ಟಗಾಯಿತು. ಗಾಳಿ ಸೋಕಿದೆ ಎಂದರು, ನಾಟಿ ಔಷಧಿ ಹಾಕಿಸಿದೆವು, ಹೋಗಲಿಲ್ಲ. ಮೂರನೇ ಕ್ಲಾಸಿನಲ್ಲಿ ಮೇಡಂ ಕರೆಸಿ, ನಿಮ್ಮ ಹುಡುಗಿಗೆ ಕಿವಿ ಕೇಳ್ತಿಲ್ಲ ಎಂದರು. ಹದಿಮೂರು ತುಂಬುವಷ್ಟರಲ್ಲಿ ನನಗಿಂತ ಎತ್ತರ ಬೆಳೆದಳು. ದವಡೆ ಅಗಲವಾಯಿತು, ಹಣೆ ಮುಂದಕ್ಕೆ ಬಂತು. ನಾಲೆಯಲ್ಲಿ ಈಜು ಕಲಿಸಲು ಹೋದರೆ ನಾವೆಲ್ಲ ತೇಲುತ್ತಿದ್ದೆವು, ಇವಳೊಬ್ಬಳು ನೇರ ತಳಕ್ಕೆ ಹೋಗುತ್ತಿದ್ದಳು. ಕಡೂರಿನಲ್ಲಿ ಒಬ್ಬ ಹಲ್ಲಿನ ಡಾಕ್ಟರು ಅವಳ ಒಂದು ಹಲ್ಲು ಕೀಳಲು ಒಂದು ಗಂಟೆ ಒದ್ದಾಡಿ ಬೆವರಿ, ನನ್ನ ಕೈಲಾಗಲ್ಲಮ್ಮ ಎಂದು ಕೈಮುಗಿದಿದ್ದರು. ಅದನ್ನು ನಾವು ಮನೆಯಲ್ಲಿ ತಮಾಷೆಯ ಕಥೆಯಾಗಿ ಬಂದವರಿಗೆಲ್ಲ ಹೇಳುತ್ತಿದ್ದೆವು.

ಒಂದು ಮಾತನ್ನು ಮಾತ್ರ ಡಾಕ್ಟರಿಗೆ ಹೇಳಲಿಲ್ಲ, ಇಲ್ಲಿ ಹೇಳುತ್ತೇನೆ. ಹೈಸ್ಕೂಲಿನಲ್ಲಿ ಹುಡುಗರು ಅವಳನ್ನು "ದವಡೆ" ಎಂದು ಕರೆಯುತ್ತಿದ್ದರು. ಆ ದಿನಗಳಲ್ಲಿ ನಾನು ಅವಳಿಗಿಂತ ಹತ್ತು ಹೆಜ್ಜೆ ಮುಂದೆ ನಡೆದು ಹೋಗುತ್ತಿದ್ದೆ.

ಡಾಕ್ಟರು ಎಲ್ಲ ಕೇಳಿಸಿಕೊಂಡು ಒಂದು ಕಾಗದದ ಮೇಲೆ ತಲೆಬುರುಡೆಯ ಚಿತ್ರ ಬರೆದು ಅದರಲ್ಲಿ ಸಣ್ಣ ಸಣ್ಣ ತೂತು ಗುರುತಿಸಿದರು. "ನೋಡಪ್ಪ, ಮುಖದ ನರ, ಕಿವಿಯ ನರ ಎಲ್ಲ ಮೂಳೆಯ ಈ ತೂತುಗಳಲ್ಲಿ ಹೊರಗೆ ಬರುತ್ತವೆ. ಮೂಳೆ ಬೆಳೀತಾ ಬೆಳೀತಾ ತೂತು ಮುಚ್ಚಿಕೊಂಡರೆ ನರ ಸಿಕ್ಕಿ ಹಾಕಿಕೊಳ್ಳುತ್ತೆ. ಅವಳ ಮುಖ ಸೊಟ್ಟಗಾಗಿದ್ದು ಗಾಳಿಯಿಂದಲ್ಲ. ಕಿವಿ ಹೋಗಿದ್ದೂ ಬೇರೆ ಕಾರಣಕ್ಕಲ್ಲ. ಎಲ್ಲ ಒಂದೇ ಕಾಯಿಲೆ. ಬೆರಳು ಕೂಡಿದ್ದೂ ಸೇರಿ."

"ಈಗ ತಲೆನೋವು ಸಾರ್?"

"ಹೊರಗಡೆ ಬೆಳೆದರೆ ದವಡೆ ದೊಡ್ಡದಾಗುತ್ತೆ ಅಷ್ಟೆ. ಒಳಗಡೆ ಬೆಳೆದರೆ ಮಿದುಳಿಗೆ ಜಾಗ ಎಲ್ಲಿಂದ ಬರಬೇಕು? ತಡ ಮಾಡಬೇಡ. ಇದು ಯಾವತ್ತು ಏನು ಮಾಡುತ್ತೋ ಹೇಳಕ್ಕಾಗಲ್ಲ."

ಮೋರಿಯಿಂದ ಬಿದ್ದರೂ ಕೂದಲು ಕೊಂಕದ ಹುಡುಗಿ ಎಂದು ಹೊರಗೆ ಆಟೋದವನು ಇನ್ನೂ ಎಲ್ಲರಿಗೂ ಹೇಳುತ್ತಿದ್ದ. ಬಿದ್ದರೂ ಮುರಿಯದಂತೆ ಅವಳನ್ನು ಕಾಪಾಡಿದ ಮೂಳೆಯೇ ಅವಳನ್ನು ಒಳಗಿಂದ ಹಿಸುಕುತ್ತಿತ್ತು. ಇದನ್ನು ನನ್ನ ತಲೆ ಒಪ್ಪಿಕೊಳ್ಳಲು ಬಹಳ ದಿನ ಬೇಕಾಯಿತು.

ಅದೇ ವಾರ ಬೆಂಗಳೂರಿನ ಒಂದು ಆಸ್ಪತ್ರೆಗೆ ಹೋದೆವು. ಸ್ಕ್ಯಾನ್ ಆಯಿತು, ಕಣ್ಣಿನ ಪರೀಕ್ಷೆ ಆಯಿತು. ಮಿದುಳಿನ ಒತ್ತಡ ಕಣ್ಣಿನ ನರದವರೆಗೂ ಬಂದಿದೆ, ಆಪರೇಷನ್ ಮಾಡಲೇಬೇಕು ಎಂದರು. ರಕ್ತವನ್ನು ಜೀನ್ ಪರೀಕ್ಷೆಗೆ ಕಳಿಸಿದರು. ಅಪ್ಪ, ಅವ್ವ, ನಾನು, ಮೂವರ ರಕ್ತವನ್ನೂ ತೆಗೆದುಕೊಂಡರು. ಅಪ್ಪ ರೈಲ್ವೆಯಲ್ಲಿ ಗೇಟ್‌ಮನ್ ಆಗಿ ನಿವೃತ್ತರಾದವರು. ಅವರಿಗೆ ಸೂಜಿ ಎಂದರೆ ಭಯ. ಕಣ್ಣು ಮುಚ್ಚಿಕೊಂಡು ಕೈ ಚಾಚಿದರು.

ಫಲಿತಾಂಶ ಬಂದ ದಿನ ನಾವು ನಾಲ್ವರೂ ಅಲ್ಲಿನ ಜೀನ್ ಡಾಕ್ಟರ ಎದುರಿಗೆ ಕುಳಿತಿದ್ದೆವು. ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ಮೊದಲು ಅವರು ಅವ್ವನನ್ನು ಕೇಳಿದರು, "ಅಮ್ಮ, ಮದುವೆಗೆ ಮುಂಚೆ ನಿಮಗೂ ನಿಮ್ಮ ಯಜಮಾನರಿಗೂ ಏನಾದರೂ ಸಂಬಂಧ ಇತ್ತಾ?"

ಅವ್ವ ಸೆರಗು ಸರಿ ಮಾಡಿಕೊಂಡು ಹೆಮ್ಮೆಯಿಂದಲೇ ಹೇಳಿದಳು, "ನಮ್ಮವ್ವನ ತಮ್ಮ ಕಣಮ್ಮ. ಬೇರೆಯೋರಲ್ಲ. ನಾನು ಹುಟ್ಟಿದಾಗ್ಲೇ ನಮ್ಮವ್ವ ಹೇಳ್ಬಿಟ್ಟಿದ್ಲಂತೆ, ಇವ್ಳು ನನ್ನ ತಮ್ಮಂಗೇ ಅಂತ."

ಡಾಕ್ಟರು ಅದನ್ನು ಬರೆದುಕೊಂಡರು. ಆಮೇಲೆ ಬಿಡಿಸಿ ಹೇಳಿದರು. ನಮ್ಮ ಮೂಳೆ ಕಲ್ಲಿನ ಹಾಗೆ ಒಂದು ಸಲ ಆಗಿ ನಿಂತುಬಿಡುವುದಲ್ಲ. ಕಟ್ಟುವ ಜೀವಕಣಗಳು ದಿನಾ ಕಟ್ಟುತ್ತಲೇ ಇರುತ್ತವೆ, ಕೆಡಹುವ ಕಣಗಳು ದಿನಾ ಕೆಡಹುತ್ತಲೇ ಇರುತ್ತವೆ. ಎಷ್ಟು ಬೇಕೋ ಅಷ್ಟಾದ ಮೇಲೆ ಕಟ್ಟುವವರಿಗೆ "ಸಾಕು" ಎಂದು ಹೇಳಲು ಒಂದು ಪ್ರೋಟೀನ್ ಇದೆ. ಅದರ ಹೆಸರು ಸ್ಕ್ಲೆರೋಸ್ಟಿನ್. ಮೂಳೆಯೊಳಗೆ ಹೂತುಕೊಂಡಿರುವ ಕಣಗಳೇ ಅದನ್ನು ಮಾಡಿ ಹೊರಗೆ ಬಿಡುತ್ತವೆ. ಅದನ್ನು ಹೇಗೆ ಮಾಡಬೇಕು ಎಂದು ಬರೆದಿರುವ ಜೀನಿನ ಹೆಸರು ಎಸ್‌ಒಎಸ್‌ಟಿ. ಪ್ರತಿಯೊಬ್ಬರಲ್ಲೂ ಅದರ ಎರಡು ಪ್ರತಿ ಇರುತ್ತವೆ, ತಂದೆಯಿಂದ ಒಂದು, ತಾಯಿಯಿಂದ ಒಂದು. ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸುತ್ತದೆ, ಆ ಮನುಷ್ಯನಿಗೆ ಏನೂ ಗೊತ್ತೇ ಆಗುವುದಿಲ್ಲ.

"ನಿಮ್ಮಿಬ್ಬರಲ್ಲೂ ಒಂದೊಂದು ಪ್ರತಿಯಲ್ಲಿ ಅದೇ ಜಾಗದಲ್ಲಿ ಅದೇ ತಪ್ಪಿದೆ" ಎಂದರು. "ನಿಮ್ಮ ಮನೆಯ ಹಿರಿಯರೊಬ್ಬರಿಂದ ಇಬ್ಬರಿಗೂ ಬಂದಿದೆ. ಇವಳಿಗೆ ಎರಡೂ ತಪ್ಪಿರೋ ಪ್ರತಿಗಳೇ ಸಿಕ್ಕಿವೆ. ಇವಳ ಮೈಯಲ್ಲಿ ಸಾಕು ಅನ್ನೋ ಪ್ರೋಟೀನ್ ಇಲ್ಲವೇ ಇಲ್ಲ."

ಅವ್ವನಿಗೆ ಪ್ರೋಟೀನೂ ಜೀನೂ ಅರ್ಥವಾಗಲಿಲ್ಲ. ಆದರೆ "ನಿಮ್ಮಿಬ್ಬರಲ್ಲೂ" ಎಂಬುದು ಅರ್ಥವಾಯಿತು. ಅಪ್ಪ ಮೆಲ್ಲಗೆ ಕೇಳಿದರು.

"ಹಂಗಾದ್ರೆ ನಾನೇ ಕೊಟ್ಟೆ ಅನ್ನಿ ಮಗೀಗೆ ಇದ್ನ."

"ನೀವೊಬ್ಬರೇ ಅಲ್ಲ. ಗೊತ್ತಿದ್ದು ಕೊಟ್ಟಿದ್ದೂ ಅಲ್ಲ. ಸಂಬಂಧದಲ್ಲಿ ಮದುವೆಯಾದ ಎಲ್ಲರಿಗೂ ಹೀಗಾಗಲ್ಲ ಸಾರ್. ಒಂದೇ ತಪ್ಪು ಇಬ್ಬರಲ್ಲೂ ಇರೋ ಸಾಧ್ಯತೆ ಜಾಸ್ತಿ, ಅಷ್ಟೆ."

ತಂಗಿ ಎಲ್ಲರ ತುಟಿಗಳನ್ನೂ ಸರದಿಯಲ್ಲಿ ನೋಡುತ್ತಿದ್ದಳು. ಎಷ್ಟು ಹಿಡಿಯಿತೋ ಗೊತ್ತಿಲ್ಲ. ಕೊನೆಗೆ ಅವ್ವನ ಕೈ ಹಿಡಿದುಕೊಂಡು, "ಬಿಡವ್ವ, ನಿಂಗೇನ್ ಗೊತ್ತಿತ್ತು" ಎಂದಳು. ಅವಳಿಗೆ ಪೂರ್ತಿ ಹಿಡಿದಿತ್ತು.

ಆವತ್ತು ಮಧ್ಯಾಹ್ನದ ರೈಲಿನಲ್ಲಿ ವಾಪಸ್ಸು ಬಂದೆವು. ಅವ್ವ ತನ್ನ ಜೀವಮಾನವೆಲ್ಲ ಅಪ್ಪನನ್ನು "ಮಾವ" ಎಂದೇ ಕರೆದವಳು. ನಾವು ಚಿಕ್ಕವರಿದ್ದಾಗ, ಅಪ್ಪನನ್ನು ಮಾವ ಅನ್ನುತ್ತಾಳಲ್ಲ ಎಂದು ಓರಗೆಯ ಮಕ್ಕಳು ನಗುತ್ತಿದ್ದರು. ಬೀರೂರು ಬರುವ ಹೊತ್ತಿಗೆ ಅಪ್ಪ ತೂಕಡಿಸುತ್ತಿದ್ದರು. ಅವ್ವ ಅವರ ಭುಜ ಮುಟ್ಟಿ, "ಏನ್ರೀ, ನೀರು ಕುಡೀತೀರಾ" ಎಂದಳು. ಅಪ್ಪ ಬೆಚ್ಚಿ ಕಣ್ಣು ಬಿಟ್ಟು ಅವಳ ಮುಖ ನೋಡಿದರು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಆ ಡಾಕ್ಟರ ಕೋಣೆಯಲ್ಲಿ ಇನ್ನೊಂದು ಮಾತೂ ಆಗಿತ್ತು, ಅದನ್ನು ರೈಲಿನಲ್ಲಿ ಯಾರೂ ಎತ್ತಲಿಲ್ಲ. ನನ್ನಲ್ಲೂ ಒಂದು ಪ್ರತಿಯಲ್ಲಿ ಅದೇ ತಪ್ಪಿತ್ತು. ನನಗೇನೂ ಆಗುವುದಿಲ್ಲವಂತೆ, ಮೂಳೆ ಒಂದಿಷ್ಟು ಗಟ್ಟಿ ಇರಬಹುದಂತೆ. ಆದರೆ ನನ್ನ ಹೆಂಡತಿ ಅವ್ವನ ಅಣ್ಣನ ಮಗಳು. ನಮಗೆ ಎರಡು ವರ್ಷದ ಮಗಳಿದ್ದಳು.

ತರೀಕೆರೆಯಲ್ಲಿ ಇಳಿದವನು ಮನೆಗೆ ಓಡಿಯೇ ಹೋದೆ. ಮಗಳು ಅಡಿಗೆಮನೆಯ ಬಾಗಿಲಲ್ಲಿ ಕೂತು ಬಟಾಣಿ ಸುಲಿಯುತ್ತಾ, ಸುಲಿದದ್ದಕ್ಕಿಂತ ಹೆಚ್ಚು ತಿನ್ನುತ್ತಿದ್ದಳು. ಅವಳ ಎರಡೂ ಕೈ ಎತ್ತಿ ಬೆರಳು ಬಿಡಿಸಿ ನೋಡಿದೆ. ಹುಟ್ಟಿದ ದಿನವೇ ನೋಡಿದ್ದ ಬೆರಳುಗಳು. ಹತ್ತೂ ಬಿಡಿಬಿಡಿಯಾಗಿದ್ದವು. ಆಮೇಲೆ ಅವಳ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದೆ. ಅವಳು ಅಳಲು ಶುರು ಮಾಡಿದಳು.

"ಏನ್ರೀ ಆಗಿರೋದು ನಿಮ್ಗೆ? ಮಗೂನ್ಯಾಕೆ ಹಂಗೆ ತಿರುಗ್ಸಿ ತಿರುಗ್ಸಿ ನೋಡ್ತಿದೀರಾ?" ಎಂದು ಹೆಂಡತಿ ಓಡಿಬಂದಳು.

ಹೇಳಿದೆ. ಅವಳು ಮಗಳನ್ನು ಎತ್ತಿಕೊಂಡು, "ನನ್ದೂ ರಕ್ತ ಕೊಡ್ತೀನಿ ನಡೀರಿ" ಎಂದಳು. ಬೆರಳು ಬಿಡಿಯಾಗಿದ್ದ ಮಾತ್ರಕ್ಕೆ ರೋಗ ಇಲ್ಲ ಎನ್ನುವ ಹಾಗಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹೆಂಡತಿಯ ಫಲಿತಾಂಶ ಬರಲು ಮೂರು ವಾರ ಹಿಡಿಯಿತು. ಆ ಮೂರು ವಾರ ಮಗಳು ಸ್ವಲ್ಪ ಸೊಟ್ಟಗೆ ನಕ್ಕರೂ ನಮ್ಮಿಬ್ಬರ ಎದೆ ಝಲ್ ಎನ್ನುತ್ತಿತ್ತು. ಹಿಂದಿನಿಂದ ಮೆಲ್ಲಗೆ ಹೆಸರು ಕರೆಯುವುದು, ತಿರುಗುತ್ತಾಳಾ ಎಂದು ನೋಡುವುದು, ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಇಬ್ಬರೂ ಇದನ್ನೇ ಮಾಡುತ್ತಿದ್ದೆವು.

ಹೆಂಡತಿಯಲ್ಲಿ ಆ ತಪ್ಪು ಇರಲಿಲ್ಲ. ಫೋನಿನಲ್ಲಿ ಅದನ್ನು ಹೇಳಿದಾಗ ನಾನು ಎಕ್ಸ್‌ರೇ ಕೋಣೆಯಲ್ಲಿದ್ದೆ. ಮಗಳಿಗೆ ನನ್ನಿಂದ ಬಂದಿದ್ದರೂ ಒಂದೇ ಬಂದಿರುತ್ತದೆ, ರೋಗ ಬರುವುದಿಲ್ಲ. ಬಾಗಿಲು ಹಾಕಿಕೊಂಡು ಅತ್ತೆ. ಹೊರಗೆ ಕೈ ಮುರಿದುಕೊಂಡವರೊಬ್ಬರು ಕಾಯುತ್ತಿದ್ದರು, ಅವರನ್ನು ಹತ್ತು ನಿಮಿಷ ಕಾಯಿಸಿದ್ದಕ್ಕೆ ಆಮೇಲೆ ಬೈಸಿಕೊಂಡೆ.

ತಂಗಿಯ ಆಪರೇಷನ್ನಿಗೆ ಆಸ್ಪತ್ರೆಯವರು ದಿನ ಕೊಟ್ಟದ್ದು ಅದರ ಮುಂದಿನ ವಾರಕ್ಕೆ. ತಲೆಬುರುಡೆಯ ಒಂದು ದೊಡ್ಡ ತುಂಡನ್ನು ತೆಗೆದು, ಒಳಗಿನಿಂದ ತೆಳು ಮಾಡಿ, ಮಿದುಳಿಗೆ ಜಾಗ ಸಿಗುವ ಹಾಗೆ ಕೂರಿಸುವುದು. ಆರು ಗಂಟೆ ಆಗಬಹುದು ಎಂದಿದ್ದರು. ಬೆಳಿಗ್ಗೆ ಎಂಟಕ್ಕೆ ಒಳಗೆ ಕರೆದುಕೊಂಡು ಹೋದವರು ಸಂಜೆ ಆರಾದರೂ ಹೊರಗೆ ಬರಲಿಲ್ಲ. ಅಪ್ಪ ಹಸಿರು ಬಾಗಿಲನ್ನೇ ನೋಡುತ್ತಾ ನಿಂತಿದ್ದರು, ಕೂರಿ ಎಂದರೂ ಕೂರಲಿಲ್ಲ.

ಆರೂವರೆಗೆ ಸರ್ಜನ್ ಬಂದರು. ಅವರ ಕಣ್ಣುಗಳು ಕೆಂಪಾಗಿದ್ದವು. "ಮೂಳೆ ಕೊರೆಯೋ ಡ್ರಿಲ್ ಬಿಟ್‌ಗಳು ಒಂದರ ಮೇಲೊಂದು ಮೊಂಡಾಗಿ ಹೋದವು" ಎಂದರು. "ಅರ್ಧ ದಾರಿಯಲ್ಲಿ ಇನ್ನೊಂದು ಆಪರೇಷನ್ ಥಿಯೇಟರ್‌ನಿಂದ ತರಿಸಬೇಕಾಯ್ತು. ಇಂಥ ಮೂಳೆ ನಾನು ನೋಡೇ ಇಲ್ಲ." ಹೆಬ್ಬೆರಳು, ತೋರುಬೆರಳು ದೂರ ಮಾಡಿ ಅದು ಎಷ್ಟು ದಪ್ಪವಿತ್ತು ಎಂದು ತೋರಿಸಿದರು. "ಹುಷಾರಾಗಿದಾಳೆ."

ಅಪ್ಪ ಅವರ ಕಾಲಿಗೆ ಬೀಳಲು ಬಗ್ಗಿದರು. ಅವರು ಹಿಡಿದೆತ್ತಿದರು.

ಎರಡು ದಿನದ ಮೇಲೆ ತಂಗಿ ಕಣ್ಣು ಬಿಟ್ಟು, ಬೋಳಿಸಿದ ತಲೆಯ ಬ್ಯಾಂಡೇಜು ಮುಟ್ಟಿಕೊಂಡಳು. ನಾನು ಕಾಗದದ ಮೇಲೆ "ನೋವಾ?" ಎಂದು ಬರೆದು ತೋರಿಸಿದೆ.

"ಹೊರಗಡೆ ನೋವು" ಎಂದಳು. ಆಮೇಲೆ, "ಒಳಗಡೆ ಏನೂ ಇಲ್ಲ ಕಣಣ್ಣ. ಖಾಲಿ. ಹಿಂಗಿರ್ತದಾ ಎಲ್ರಿಗೂ?" ಎಂದಳು.

ಎಲ್ಲರಿಗೂ ಹೀಗೇ ಇರುತ್ತದೆ ಎಂದು ತಲೆಯಾಡಿಸಿದೆ.

ಮುಖದ ಸೊಟ್ಟ ಹೋಗಲಿಲ್ಲ, ಅದು ಹೋಗುವುದಿಲ್ಲ ಎಂದು ಮೊದಲೇ ಹೇಳಿದ್ದರು. ಬಲಗಿವಿಗೆ ಒಂದು ಮೆಷೀನ್ ಕೊಟ್ಟರು. ಅದನ್ನು ಹಾಕಿಕೊಂಡ ಮೊದಲ ದಿನ, ಫ್ಯಾನಿಗೆ ಇಷ್ಟು ಸದ್ದಿದೆಯಾ ಎಂದು ಬೆರಗಾಗಿ ಫ್ಯಾನನ್ನು ಹಾಕಿ ಆರಿಸಿ ಹಾಕಿ ಆರಿಸಿ ಮಾಡಿದಳು. ಮೂಳೆ ಮತ್ತೆ ಬೆಳೆಯಬಹುದು, ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸುತ್ತಿರಬೇಕು ಎಂದಿದ್ದಾರೆ. ಬೆಳೆಯುವ ವಯಸ್ಸು ದಾಟಿದ ಮೇಲೆ ಅದರ ವೇಗ ಕಡಿಮೆಯಾಗುತ್ತದಂತೆ. ಅದನ್ನು ನಂಬಿಕೊಂಡಿದ್ದೇವೆ.

ಕೊನೆಗೆ ನನ್ನನ್ನು ಅಲುಗಾಡಿಸಿದ್ದು ಈ ವರ್ಷ ಬೇಸಿಗೆಯಲ್ಲಿ ನಡೆದ ಒಂದು ಸಂಗತಿ. ತಂಗಿ ನಮ್ಮ ಮೂಳೆ ಡಾಕ್ಟರಿಗೆ ತೋರಿಸಿಕೊಂಡು ಹೋಗಲು ನರ್ಸಿಂಗ್ ಹೋಮಿಗೆ ಬಂದಿದ್ದಳು. ವಾರ್ಡಿನಲ್ಲಿ ಹಿರೇನಲ್ಲೂರು ಕಡೆಯ ಒಬ್ಬ ಅಜ್ಜಿ ಇದ್ದರು. ಬಚ್ಚಲಲ್ಲಿ ಜಾರಿ ಸೊಂಟದ ಕೀಲು ಮುರಿದುಕೊಂಡಿದ್ದರು. ಬೆನ್ನುಮೂಳೆಯ ಎರಡು ಮಣಿ ಆಗಲೇ ಕುಸಿದಿದ್ದವು. ಅವರ ಎಕ್ಸ್‌ರೇ ತೆಗೆದವನು ನಾನೇ. ಮೂಳೆಯ ಬದಲು ಮೂಳೆಯ ನೆರಳು ಮಾತ್ರ ಇದ್ದ ಹಾಗಿತ್ತು. ಆಪರೇಷನ್ ಆಗಿ ಚೇತರಿಸಿಕೊಂಡ ಮೇಲೆ ಡಾಕ್ಟರು ಅವರಿಗೆ ತಿಂಗಳಿಗೊಮ್ಮೆ, ಒಂದು ಸಲಕ್ಕೆ ಎರಡು ಸೂಜಿಯಂತೆ ಕೊಡುವ ಒಂದು ಇಂಜೆಕ್ಷನ್ ಬರೆದಿದ್ದರು. ಅದು ಶಿವಮೊಗ್ಗದಿಂದ ಐಸ್ ಪೆಟ್ಟಿಗೆಯಲ್ಲಿ ಬಂದಿತ್ತು.

"ಇದೇನು ಮಾಡ್ತದೆ ಸಾರ್?" ತಂಗಿ ಸುಮ್ಮನೆ ಕುತೂಹಲಕ್ಕೆ ಕೇಳಿದಳು.

ಡಾಕ್ಟರು ಉತ್ತರಿಸುವ ಮುಂಚೆ ನನ್ನ ಕಡೆ ನೋಡಿದರು. ಅದನ್ನು ನೋಡಿಯೇ ನನಗೆ ಏನೋ ಇದೆ ಎನ್ನಿಸಿತು.

"ಅಜ್ಜಿಯ ಮೈಯಲ್ಲಿ ಸ್ಕ್ಲೆರೋಸ್ಟಿನ್ ಇದೆಯಲ್ಲ, ಅದನ್ನ ಹಿಡಿದು ಸ್ವಲ್ಪ ದಿನ ಸುಮ್ಮನಿರಿಸುತ್ತೆ ಈ ಔಷಧಿ. ಸಾಕು ಅನ್ನೋರು ಇಲ್ಲದೆ ಇದ್ದಾಗ ಮೂಳೆ ಕಟ್ಟೋ ಕೆಲಸ ಜೋರಾಗುತ್ತೆ. ಒಂದು ವರ್ಷ ಕೊಟ್ಟು ನಿಲ್ಲಿಸುತ್ತೀವಿ."

ತಂಗಿ ಅವರ ತುಟಿಯನ್ನೇ ನೋಡುತ್ತಿದ್ದಳು. "ಅದು ಹೆಂಗೆ ಗೊತ್ತಾಯ್ತು ಸಾರ್?"

"ನಿನ್ನಂಥೋರನ್ನ ನೋಡಿ. ದಕ್ಷಿಣ ಆಫ್ರಿಕಾದಲ್ಲಿ ಕೆಲವು ಕುಟುಂಬಗಳಿಗೆ ನಿನಗಿರೋದೇ ಇತ್ತು. ಇವರ ಮೂಳೆ ಯಾಕೆ ಮುರಿಯಲ್ಲ ಅಂತ ಹುಡುಕಿದೋರಿಗೆ ಈ ಜೀನ್ ಸಿಕ್ತು."

ಅವಳು ಆ ಪುಟ್ಟ ಪೆಟ್ಟಿಗೆಯನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದಳು. "ಅಂದ್ರೆ ನನ್ನ ಕಾಯ್ಲೇನ ಸೀಸೇಲಿ ಹಾಕಿ ಮಾರ್ತವ್ರಾ?"

ನನಗೆ ಬಂದದ್ದು ಕೋಪ. ಅವಳಂಥವರ ಮೈಯಲ್ಲಿ ಓದಿ ಕಲಿತು ಬೇರೆಯವರಿಗೆ ಔಷಧಿ ಮಾಡಿದ್ದಾರೆ, ಅವಳಿಗೆ ಕೊಡಲು ಮಾತ್ರ ಒಂದು ಮಾತ್ರೆಯೂ ಇಲ್ಲ. ಅದನ್ನು ಡಾಕ್ಟರಿಗೆ ಹೇಳಿಯೂ ಹೇಳಿದೆ. ಅವರು, "ನೀನು ಹೇಳೋದು ನಿಜ ಕಣಪ್ಪ" ಎಂದರು.

ಮಂಚದ ಮೇಲಿದ್ದ ಅಜ್ಜಿಗೆ ನಮ್ಮ ಮಾತು ಅರ್ಧಂಬರ್ಧ ಕೇಳಿಸಿತ್ತು. "ಏನವ್ವ ಅದು? ನನ್ನ ಸೂಜಿ ವಿಷ್ಯ ಏನೋ ಮಾತಾಡ್ತಿದೀರಲ್ಲ" ಎಂದು ಗಾಬರಿಯಿಂದ ಕೇಳಿದರು. ತಂಗಿ ಮಂಚದ ಅಂಚಿಗೆ ಕುಳಿತಳು.

"ಏನಿಲ್ಲ ಕಣಜ್ಜಿ. ನನ್ನ ಮೂಳೆ ಜಾಸ್ತಿ ಗಟ್ಟಿ. ನಿಂಗೂ ಸ್ವಲ್ಪ ಹಂಗೇ ಆಗ್ಲಿ ಅಂತ ಈ ಸೂಜಿ."

ಅಜ್ಜಿ ಅವಳ ಅಗಲವಾದ ಮುಖವನ್ನೂ ಸೊಟ್ಟ ಬಾಯಿಯನ್ನೂ ನೋಡಿದರು. ಅವರ ಕಣ್ಣಲ್ಲಿ ಒಂದು ಕ್ಷಣ ಭಯ ಬಂದದ್ದು ನನಗೆ ಕಂಡಿತು, ತಂಗಿಗೂ ಕಂಡಿತು.

"ನನ್ನ ಹಂಗೆ ಮುಖ ಆಗಲ್ಲ ಹೆದರ್ಕಬೇಡ" ಎಂದಳು. "ನಂಗೆ ಹುಟ್ಟಿದಾಗಿಂದ ಹಿಂಗೆ. ನಿಂಗೆ ಒಂದು ವರ್ಷ ಅಷ್ಟೆ. ತಗೋ ಅಜ್ಜಿ, ನಡೆದಾಡ್ಕಂಡು ಇರ್ತೀಯ."

ನರ್ಸಮ್ಮ ಔಷಧಿ ತುಂಬಿದ ಸಿರಿಂಜುಗಳನ್ನು ತಂದಳು. ಅಜ್ಜಿ ಇನ್ನೂ ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದರು. ತಂಗಿ ಆ ಒಣಗಿದ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಬಿಗಿಯಾಗಿ ಹಿಡಿದಳು. ಮೊದಲನೇ ಇಂಜೆಕ್ಷನ್ ಹೋಯಿತು, ಅದರ ಹಿಂದೆಯೇ ಎರಡನೆಯದೂ ಹೋಯಿತು. ಅಜ್ಜಿ ಹಲ್ಲು ಕಚ್ಚಿಕೊಂಡರು, ತಂಗಿ ಅವರ ಊರಿನಲ್ಲಿ ಮಳೆ ಬಿತ್ತಾ ಎಂದು ಕೇಳಿದಳು. ಇನ್ನೂ ಬಿದ್ದಿಲ್ಲ ಕಣವ್ವ ಎಂದು ಅವರು ಶುರು ಮಾಡಿದರು, ಆಮೇಲೆ ಇಬ್ಬರೂ ಬಹಳ ಹೊತ್ತು ಮಾತಾಡಿದರು.